ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಕೊಡಗಿನವರಿಗೆ ಸಿದ್ಧತೆಯಿಂದ ವಿಮೆಯ ಅನುಮತಿವರೆಗೆ ಒಂದು ಮಾರ್ಗದರ್ಶಿ

ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕೆಂದು ತೀರ್ಮಾನಿಸಿದ ದಿನಕ್ಕೂ ಆಪರೇಷನ್ ನಡೆಯುವ ದಿನಕ್ಕೂ ನಡುವೆ ಸಾಮಾನ್ಯವಾಗಿ ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳು ಹಿಡಿಯುತ್ತದೆ. ಪರೀಕ್ಷೆಗಳು, ಆಹಾರತಜ್ಞರ ಭೇಟಿ, ವಿಮಾ ಕಂಪನಿಯ ಪ್ರಶ್ನೆಗಳು, ಮತ್ತೆ ಉತ್ತರ, ಮತ್ತೆ ಪ್ರಶ್ನೆ. ಈ ಕಾಲವನ್ನು ಕೈಕಟ್ಟಿ ಕುಳಿತು ಕಳೆಯುವವರೇ ಹೆಚ್ಚು. ನನ್ನ ಅಕ್ಕನಿಗೆ ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಆದಾಗ ಅವಳ ಕಡತ ಹಿಡಿದು ಓಡಾಡಿದವಳು ನಾನು. ಆಮೇಲೆ ಗೋಣಿಕೊಪ್ಪ, ಅಮ್ಮತ್ತಿ ಕಡೆಯ ಪರಿಚಯದವರಿಗೂ ಕಾಗದಪತ್ರ ಜೋಡಿಸಿಕೊಟ್ಟಿದ್ದೇನೆ. ಅದರಿಂದ ನನಗೆ ಖಚಿತವಾಗಿರುವುದು ಇಷ್ಟು: ಆಪರೇಷನ್ ಮುಗಿದ ಮೇಲಿನ ಬದುಕು ಹೇಗಿರುತ್ತದೆ ಎಂಬುದು ಬಹುಪಾಲು ಈ ಕಾಯುವ ದಿನಗಳಲ್ಲೇ ನಿರ್ಧಾರವಾಗುತ್ತದೆ. ಕಡತ ಗಟ್ಟಿಯಾಗಬೇಕು, ದೇಹ ಅಭ್ಯಾಸಕ್ಕೆ ಬೀಳಬೇಕು. ಎರಡೂ ಒಟ್ಟಿಗೆ ನಡೆಯಬೇಕು.

ನಾನು ವೈದ್ಯೆಯಲ್ಲ. ಔಷಧಿಯ ಪ್ರತಿ ಮಾತಿನಲ್ಲೂ ನಿಮ್ಮ ವೈದ್ಯರ ಮಾತೇ ಕೊನೆಯದು.

ಮೊದಲ ಹೆಜ್ಜೆ: ಎತ್ತರ, ತೂಕ, ಬಿಎಂಐ

ಎಲ್ಲ ಲೆಕ್ಕವೂ ಶುರುವಾಗುವುದು ಬಿಎಂಐಯಿಂದ, ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಎಷ್ಟಿದೆ ಎಂದು ತೋರಿಸುವ ಅಂಕಿಯಿಂದ. ತೂಕವನ್ನು ಕಿಲೋಗ್ರಾಂನಲ್ಲಿ ಬರೆದು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. 165 ಸೆಂ.ಮೀ. ಎತ್ತರದವರು 109 ಕೆ.ಜಿ. ಇದ್ದರೆ ಬಿಎಂಐ 40. ಅದೇ ಎತ್ತರಕ್ಕೆ 96 ಕೆ.ಜಿ. ಇದ್ದರೆ 35ಕ್ಕಿಂತ ಸ್ವಲ್ಪ ಹೆಚ್ಚು.

ಎತ್ತರದ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ, ಆದರೆ ಗಂಟು ಬೀಳುವುದು ಅಲ್ಲೇ. ಮೇಲಿನ ಉದಾಹರಣೆಯಲ್ಲಿ ಎತ್ತರವನ್ನು 165ರ ಬದಲು 163 ಎಂದು ಬರೆದರೆ ಬಿಎಂಐ ಒಂದು ಅಂಕ ಮೇಲೇರಿ 41 ಆಗುತ್ತದೆ. ಒಂದು ಆಸ್ಪತ್ರೆಯ ಚೀಟಿಯಲ್ಲಿ 163, ಇನ್ನೊಂದರಲ್ಲಿ 165, ಡಿಸ್ಚಾರ್ಜ್ ಸಾರಾಂಶದಲ್ಲಿ ಕೇಳಿ ಬರೆದುಕೊಂಡ ಐದೂವರೆ ಅಡಿ. ವಿಮಾ ಕಂಪನಿಯವರು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾವುದು ಸರಿ ಎಂದು ಕೇಳುತ್ತಾರೆ. ಆದ್ದರಿಂದ ಚಪ್ಪಲಿ ಬಿಟ್ಟು, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಂತು, ಒಮ್ಮೆ ಸರಿಯಾಗಿ ಅಳೆಸಿಕೊಳ್ಳಿ. ಅದೇ ಅಂಕಿಯನ್ನು ಮುಂದಿನ ಎಲ್ಲ ಕಡೆಯೂ ಹೇಳಿ.

ತೂಕದ ವಿಷಯದಲ್ಲಿ ಇನ್ನೊಂದು ಮಾತು. ಮನೆಯ ಯಂತ್ರಗಳು ಒಂದು ಮಿತಿಯ ಮೇಲೆ ತೂಕ ತೋರಿಸುವುದಿಲ್ಲ. ಅದಕ್ಕಾಗಿ ಕಾಫಿ ಚೀಲ ತೂಗುವ ತಕ್ಕಡಿಯ ಮೇಲೆ ನಾಲ್ಕು ಜನರೆದುರು ನಿಲ್ಲುವುದನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ದೊಡ್ಡ ಆಸ್ಪತ್ರೆಗಳಲ್ಲಿ ತಕ್ಕ ಯಂತ್ರ ಇರುತ್ತದೆ, ಅಲ್ಲಿ ಮರ್ಯಾದೆಯಿಂದ ತೂಗುತ್ತಾರೆ, ಮತ್ತು ಆ ಅಂಕಿಗೆ ಮಾತ್ರ ಕಡತದಲ್ಲಿ ಬೆಲೆ.

ಎರಡನೆಯದು: ವೈದ್ಯರ ಅಳತೆ ಬೇರೆ, ವಿಮೆಯ ಅಳತೆ ಬೇರೆ

ಎಷ್ಟೋ ಮಂದಿ ಎಡವುವುದು ಇಲ್ಲಿ. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಶಸ್ತ್ರವೈದ್ಯರ ಸಂಘಟನೆಗಳು ಹೊಸ ಮಾರ್ಗಸೂಚಿ ಹೊರತಂದವು. ಅದರಂತೆ ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ, 30 ದಾಟಿ ಮಧುಮೇಹದಂಥ ಕಾಯಿಲೆ ಇದ್ದವರಿಗೆ ಕೂಡ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು. ಏಷ್ಯಾದವರಿಗೆ ಕಡಿಮೆ ಬಿಎಂಐಯಲ್ಲೇ ಮಧುಮೇಹ, ಹೃದ್ರೋಗ ಅಂಟಿಕೊಳ್ಳುವುದರಿಂದ ನಮಗೆ ಈ ಮಿತಿಗಳು ಇನ್ನೂ ಕೆಳಗಿವೆ. ಹಾಗಾಗಿ ವೈದ್ಯರು "ನಿಮಗೆ ಮಾಡಬಹುದು" ಎಂದರೆ ಅದು ಸರಿಯಾದ ಮಾತೇ.

ವಿಮೆಯ ನಿಯಮ ಇದಕ್ಕಿಂತ ಬಿಗಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಯ ಹೊರಗಿಡುವ ಅಂಶಗಳಿಗೆ ಎಲ್ಲ ಕಂಪನಿಗಳಿಗೂ ಒಂದೇ ಒಕ್ಕಣೆ ಗೊತ್ತುಪಡಿಸಿತು. ಅದರಲ್ಲಿ ಬೊಜ್ಜಿನದು ಆರನೆಯ ಕೋಡ್. ಅದರ ಪ್ರಕಾರ ಶಸ್ತ್ರಚಿಕಿತ್ಸೆಗೆ ಹಣ ಸಿಗಬೇಕಾದರೆ ವೈದ್ಯರ ಸಲಹೆ ಇರಬೇಕು, ಒಪ್ಪಿತ ಚಿಕಿತ್ಸಾ ಕ್ರಮಕ್ಕೆ ಅದು ಹೊಂದಬೇಕು, ವಯಸ್ಸು 18 ತುಂಬಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35ರಿಂದ 40ರ ನಡುವೆ ಇದ್ದರೆ ಈ ನಾಲ್ಕು ಕಾಯಿಲೆಗಳಲ್ಲಿ ಒಂದಾದರೂ ತೀವ್ರವಾಗಿರಬೇಕು: ಬೊಜ್ಜಿನಿಂದಾದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರವಾದ ನಿದ್ರಾ ಉಸಿರುಕಟ್ಟುವಿಕೆ ಅಂದರೆ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಮಧುಮೇಹ. ಜೊತೆಗೆ, ಶಸ್ತ್ರಚಿಕಿತ್ಸೆಯಲ್ಲದ ಸರಳ ವಿಧಾನಗಳಲ್ಲಿ ತೂಕ ಇಳಿಸಲು ಪ್ರಯತ್ನಿಸಿ ಅದು ಫಲಿಸಿರಬಾರದು.

ಈ ಕೊನೆಯ ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಡತದ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ.

ಇಷ್ಟು ತಿಳಿದ ಮೇಲೆ ನಿಮ್ಮ ಪಾಲಿಸಿಯನ್ನೇ ತೆಗೆದು ಓದಿ. ಏಜೆಂಟರ ಬಾಯಿಮಾತು ಸಾಲದು. ನೋಡಬೇಕಾದ್ದು: ಬೇರಿಯಾಟ್ರಿಕ್ ಚಿಕಿತ್ಸೆಗೆ ಪ್ರತ್ಯೇಕ ಕಾಯುವ ಅವಧಿ ಇದೆಯೇ, ಅದಕ್ಕೆಂದು ಹಣದ ಮಿತಿ ಇದೆಯೇ, ಕೋಣೆಯ ಬಾಡಿಗೆಗೆ ಮಿತಿ ಇದೆಯೇ, ಬಿಲ್ಲಿನಲ್ಲಿ ನೀವು ಕೈಯಿಂದ ಕೊಡಬೇಕಾದ ಪಾಲೆಷ್ಟು. ಕೋಣೆಯ ಬಾಡಿಗೆಯ ಮಿತಿ ಮೀರಿದರೆ ಅನೇಕ ಪಾಲಿಸಿಗಳಲ್ಲಿ ಬಾಡಿಗೆ ಮಾತ್ರವಲ್ಲ, ಬಿಲ್ಲಿನ ಬೇರೆ ಬಾಬತ್ತುಗಳೂ ಅದೇ ಪ್ರಮಾಣದಲ್ಲಿ ಕಡಿತವಾಗುತ್ತವೆ. ಮೊದಲೇ ಇದ್ದ ಕಾಯಿಲೆಗಳಿಗೆ ಕಂಪನಿಗಳು ಹೆಚ್ಚೆಂದರೆ ಮೂರು ವರ್ಷ ಕಾಯಿಸಬಹುದು ಎಂದು 2024ರ ನಿಯಮ ಹೇಳುತ್ತದೆ. ಅಂದರೆ ಈಗ ಹೊಸ ಪಾಲಿಸಿ ಕೊಂಡು ಬರುವ ಬೇಸಗೆಯಲ್ಲಿ ಆಪರೇಷನ್ ಎನ್ನುವ ಲೆಕ್ಕ ಸಾಮಾನ್ಯವಾಗಿ ನಡೆಯುವುದಿಲ್ಲ. ಕಂಪನಿಯಲ್ಲಿ ನೌಕರಿಯಲ್ಲಿರುವವರು ಗುಂಪು ವಿಮೆಯ ಷರತ್ತು ಕೇಳಿ ನೋಡಲಿ. ಅದರಲ್ಲಿ ಕಾಯುವ ಅವಧಿಯನ್ನು ಬಿಟ್ಟಿರುವುದುಂಟು.

ಕೊಡಗಿನಲ್ಲಿ ಮಾಜಿ ಸೈನಿಕರ ಮನೆಗಳು ಬಹಳ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್ಎಸ್‌ನ ಸದಸ್ಯರಿಗೆ ದಾರಿ ಬೇರೆ. ಮೊದಲು ಪಾಲಿಕ್ಲಿನಿಕ್‌ನ ವೈದ್ಯಾಧಿಕಾರಿಯನ್ನು ಕಂಡು, ರೆಫರಲ್ ಪಡೆದು, ಪಟ್ಟಿಯಲ್ಲಿರುವ ಆಸ್ಪತ್ರೆಗೆ ಹೋಗಬೇಕು. ಮುಂದಾಗಿ ಗೊತ್ತುಮಾಡಿಕೊಂಡ ಶಸ್ತ್ರಚಿಕಿತ್ಸೆಗೆ ಅನುಮತಿ ಮೊದಲು, ದಾಖಲಾಗುವುದು ಆಮೇಲೆ. ಮೊದಲು ದಾಖಲಾಗಿ ಆಮೇಲೆ ಬಿಲ್ ಕೊಟ್ಟರೆ ಹಣ ವಾಪಸು ಪಡೆಯುವುದು ಬಹಳ ಕಷ್ಟ. ಬಿಪಿಎಲ್ ಕಾರ್ಡಿನವರು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಕಂಡು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ತಮಗೆ ಏನು ಸಿಗುತ್ತದೆ ಎಂದು ಕೇಳಿ ಬರೆದುಕೊಳ್ಳಲಿ.

ಮೂರನೆಯದು: ಯಾವ ಊರು, ಯಾವ ಋತು

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140, ಬೆಂಗಳೂರು 260ರ ಆಸುಪಾಸು. ಜಿಲ್ಲೆಯಲ್ಲಿ ರೈಲಿಲ್ಲ, ಎಲ್ಲವೂ ರಸ್ತೆಯಲ್ಲೇ ಆಗಬೇಕು. ಆಪರೇಷನ್ ಒಂದೇ ಸಲ, ಆದರೆ ತಪಾಸಣೆಗೆ ಹೋಗಿ ಬರುವುದು ಮುಂದೆ ವರ್ಷಗಟ್ಟಲೆ ಇದೆ. ಆದ್ದರಿಂದ ದೊಡ್ಡ ಹೆಸರಿಗಿಂತ, ನೀವು ಮತ್ತೆ ಮತ್ತೆ ಹೋಗಬಲ್ಲ ಊರೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಶಸ್ತ್ರವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ತೊಂದರೆ ಎಷ್ಟು ಜನರಿಗೆ ಆಗಿದೆ? ಮನೆಗೆ ಹೋದ ಮೇಲೆ ರಾತ್ರಿ ಹೊತ್ತು ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಮೂರನೆಯದಕ್ಕೆ ಸ್ಪಷ್ಟ ಉತ್ತರ ಸಿಗದ ಕಡೆ ನಾನಾದರೆ ಹೋಗುವುದಿಲ್ಲ.

ಸ್ಲೀವ್ ಮತ್ತು ಬೈಪಾಸ್ ಎಂಬ ಎರಡು ಮುಖ್ಯ ಬಗೆಗಳಿವೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು ಕಿರಿದಾದ ಕೊಳವೆ ಉಳಿಸುತ್ತಾರೆ. ಬೈಪಾಸ್‌ನಲ್ಲಿ ಚಿಕ್ಕ ಜಠರ ಮಾಡಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎದೆಯುರಿ, ಹುಳಿತೇಗು ಜೋರಾಗಿದ್ದವರಿಗೆ ಸ್ಲೀವ್‌ನಿಂದ ಅದು ಹೆಚ್ಚಾಗುವ ಸಂಭವವಿದೆ, ಹಾಗಾಗಿ ಅಂಥವರಿಗೆ ಬೈಪಾಸ್ ಹೇಳುವುದು ಹೆಚ್ಚು. ನಿಮಗೆ ಯಾವುದು, ಏಕೆ ಎಂದು ಕೇಳಿ ತಿಳಿದುಕೊಳ್ಳಿ. ವಿಮೆಗೆ ಕಳಿಸುವ ಪತ್ರದಲ್ಲೂ ಅದೇ ಕಾರಣ ಇರಬೇಕು.

ಜೂನ್‌ನಿಂದ ಆಗಸ್ಟ್‌ವರೆಗಿನ ಮಳೆಯಲ್ಲಿ ದಿನಾಂಕ ಇಟ್ಟುಕೊಳ್ಳದಿರುವುದು ಲೇಸು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಕಡೆಯ ಹೆದ್ದಾರಿ ಬಂದ್ ಆದದ್ದನ್ನು ನಾವ್ಯಾರೂ ಮರೆತಿಲ್ಲ. ಆಪರೇಷನ್ ಆಗಿ ವಾರ ಕಳೆಯುವುದರೊಳಗೆ ಜ್ವರವೋ ಹೊಟ್ಟೆನೋವೋ ಬಂದರೆ ರಸ್ತೆ ತೆರೆದಿರಬೇಕು, ಫೋನ್ ಸಿಗಬೇಕು, ಕರೆಂಟ್ ಇರಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಆಪರೇಷನ್ ಆದ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ತೋಟದವರಿಗಾಗಲಿ ಕೂಲಿಗೆ ಹೋಗುವವರಿಗಾಗಲಿ ಆಗ ಮನೆಯಲ್ಲಿ ಕುಳಿತಿರುವುದು ಕಷ್ಟ. ಕೈಲ್ ಪೊಳ್ದ್ ಮುಗಿದ ಮೇಲಿನ ಸೆಪ್ಟೆಂಬರ್–ಅಕ್ಟೋಬರ್, ಇಲ್ಲವೇ ಕೊಯ್ಲು ಮುಗಿದ ಏಪ್ರಿಲ್–ಮೇ ನಮ್ಮ ಕಡೆಗೆ ಅನುಕೂಲ. ಸಕ್ಕರೆ ಕಾಯಿಲೆ, ಉಸಿರಾಟದ ತೊಂದರೆ ಬಿಗಡಾಯಿಸಿದ್ದು, ತಡಮಾಡಬಾರದೆಂದು ವೈದ್ಯರು ಹೇಳಿದರೆ ಮಾತ್ರ ಈ ಲೆಕ್ಕವನ್ನೆಲ್ಲ ಬದಿಗಿಡಿ. ಆಗ ಆಸ್ಪತ್ರೆ ಇರುವ ಊರಿನಲ್ಲೇ ನೆಂಟರ ಮನೆಯಲ್ಲಿ ಎರಡು ವಾರ ಉಳಿಯುವ ಏರ್ಪಾಡು ಮಾಡಿಕೊಳ್ಳಿ.

ನಾಲ್ಕನೆಯದು: ಕಡತ

ಒಂದು ದಪ್ಪ ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ನಮ್ಮ ಹವೆಗೆ ಕಾಗದ ಬೂಸ್ಟು ಹಿಡಿಯುತ್ತದೆ, ಶಾಯಿ ಹರಡುತ್ತದೆ. ಪ್ರತಿ ಹಾಳೆಯನ್ನೂ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ದಿನಾಂಕದ ಹೆಸರಿನಲ್ಲಿ ಇಟ್ಟುಕೊಳ್ಳಿ.

ತೂಕ ಇಳಿಸಲು ಪ್ರಯತ್ನಿಸಿದ್ದಕ್ಕೆ ಪುರಾವೆ ಎಂದರೆ ಏನು? ಅಕ್ಕನ ಕಡತ ಕಳಿಸಿದಾಗ ಬಂದ ಮೊದಲ ಪ್ರಶ್ನೆ ಇದೇ. ಅವಳು ವರ್ಷಗಟ್ಟಲೆ ಪಥ್ಯ ಮಾಡಿದ್ದಳು, ಮನೆಯವರಿಗೆಲ್ಲ ಗೊತ್ತು. ಕಾಗದದ ಮೇಲೆ ಮಾತ್ರ ಏನೂ ಇರಲಿಲ್ಲ. ಕೊನೆಗೆ ನೆರವಾದದ್ದು ಊರಿನ ವೈದ್ಯರ ಹಳೆಯ ಚೀಟಿಗಳು. ಮಧುಮೇಹದ ಮಾತ್ರೆಗೆ ಹೋದಾಗಲೆಲ್ಲ ಅವರು ಚೀಟಿಯ ಮೂಲೆಯಲ್ಲಿ ತೂಕ ಬರೆದು, ಕೆಳಗೆ "ಆಹಾರ ನಿಯಂತ್ರಣ, ನಡಿಗೆ" ಎಂದು ಗೀಚಿರುತ್ತಿದ್ದರು. ಆ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ತೂಕ ಇಳಿದದ್ದು, ಮತ್ತೆ ಏರಿದ್ದು, ಮತ್ತೆ ಇಳಿದದ್ದು ಯಾರಿಗಾದರೂ ಕಾಣುವಂತಾಯಿತು. ಆದ್ದರಿಂದ ಹಳೆಯ ಚೀಟಿ ಎಸೆಯಬೇಡಿ. ಇಲ್ಲದಿದ್ದರೆ ಇವತ್ತಿನಿಂದಲೇ ಶುರುಮಾಡಿ: ತಿಂಗಳಿಗೊಮ್ಮೆ ವೈದ್ಯರನ್ನೋ ಆಹಾರತಜ್ಞರನ್ನೋ ಕಂಡು, ತೂಕ, ಸಲಹೆ, ಸಹಿ, ಮೊಹರು ಹಾಕಿಸಿಕೊಳ್ಳಿ.

ಕಡತದಲ್ಲಿ ಇನ್ನು ಇರಬೇಕಾದವು:

- ಶಸ್ತ್ರವೈದ್ಯರ ಪತ್ರ. ಬಿಎಂಐ, ಜೊತೆಗಿರುವ ಕಾಯಿಲೆಗಳು, ಹಿಂದಿನ ಪ್ರಯತ್ನಗಳು, ಯಾವ ಶಸ್ತ್ರಚಿಕಿತ್ಸೆ, ಏಕೆ ಎಂಬುದು ಪಾಲಿಸಿಯ ಷರತ್ತಿನ ಪದಗಳಿಗೆ ನೇರವಾಗಿ ಹೊಂದುವಂತಿರಲಿ
- ಜೊತೆಗಿರುವ ಪ್ರತಿ ಕಾಯಿಲೆಗೂ ಅದರದೇ ವರದಿ: ಮಧುಮೇಹಕ್ಕೆ ಎಚ್‌ಬಿಎ1ಸಿ, ಸ್ಲೀಪ್ ಆಪ್ನಿಯಾಗೆ ನಿದ್ರಾ ಪರೀಕ್ಷೆ, ಹೃದಯಕ್ಕೆ ಎಕೋ
- ಆಹಾರತಜ್ಞರ ಮತ್ತು ಮನೋವೈದ್ಯರ ವರದಿ
- ಪಾಲಿಸಿಯ ಪ್ರತಿ, ಹಿಂದಿನ ವರ್ಷಗಳ ನವೀಕರಣದ ರಸೀದಿ, ಗುರುತಿನ ಚೀಟಿ
- ಆಸ್ಪತ್ರೆ ಬರೆದುಕೊಟ್ಟ ಖರ್ಚಿನ ಅಂದಾಜು, ಜಠರವನ್ನು ಕತ್ತರಿಸಿ ಮುಚ್ಚುವ ಸ್ಟೇಪ್ಲರ್ ಮುಂತಾದ ಸಾಮಗ್ರಿ ಸೇರಿದೆಯೋ ಇಲ್ಲವೋ ಎಂಬ ಸ್ಪಷ್ಟ ನಮೂದಿನೊಂದಿಗೆ

"ಗೊರಕೆ ಹೊಡೆಯುತ್ತಾರೆ" ಎಂದು ವೈದ್ಯರು ಬರೆದರೆ ಅದು ತೀವ್ರ ಸ್ಲೀಪ್ ಆಪ್ನಿಯಾ ಆಗುವುದಿಲ್ಲ. ನಿದ್ರಾ ಪರೀಕ್ಷೆಯ ಅಂಕಿ ಬೇಕು. ಈ ಪರೀಕ್ಷೆ ಅರಿವಳಿಕೆಯ ಸುರಕ್ಷತೆಗೂ ಬಹಳ ಮುಖ್ಯ, ಆದ್ದರಿಂದ ಖರ್ಚು ಉಳಿಸಲು ಬಿಡಬೇಡಿ.

ಇನ್ನೊಂದು ಸೂಕ್ಷ್ಮ. ಕಾಯುವಾಗ ಪಥ್ಯ ಮಾಡಿ ತೂಕ ಕೊಂಚ ಇಳಿದರೆ ಬಿಎಂಐ 40ರ ಕೆಳಗೆ ಬಂದು ಅನುಮತಿ ತಪ್ಪೀತು ಎಂಬ ಭಯ ಹಲವರಿಗೆ. ಅದಕ್ಕಾಗಿ ತಿಂದು ತೂಕ ಏರಿಸಿಕೊಳ್ಳುವುದು ಅಪಾಯದ ಹುಚ್ಚು. ಮೊದಲ ಭೇಟಿಯ ದಿನದ ಎತ್ತರ, ತೂಕ, ಬಿಎಂಐಯನ್ನು ದಿನಾಂಕ ಸಮೇತ ದಾಖಲಿಸಿ, ಆಮೇಲೆ ಇಳಿದದ್ದು ವೈದ್ಯರೇ ಹೇಳಿದ ಪೂರ್ವಸಿದ್ಧತೆಯ ಆಹಾರದಿಂದ ಎಂದು ಪತ್ರದಲ್ಲಿ ಬರೆಸಿ.

ಪಾಲಿಸಿ ಕೊಳ್ಳುವಾಗ ಮಧುಮೇಹ, ರಕ್ತದೊತ್ತಡ ಮುಚ್ಚಿಟ್ಟಿದ್ದರೆ ಆ ಸಂಗತಿ ಹೊರಬರುವುದು ಈಗಲೇ. ಹಳೆಯ ಚೀಟಿಯಲ್ಲಿ "ಹತ್ತು ವರ್ಷಗಳಿಂದ ಮಧುಮೇಹ" ಎಂದಿದ್ದು ಅರ್ಜಿಯಲ್ಲಿ "ಇಲ್ಲ" ಎಂದಿದ್ದರೆ ಕ್ಲೇಮ್ ಬಿದ್ದುಹೋಗಬಹುದು. ಪಾಲಿಸಿ ಎಡೆಬಿಡದೆ ಐದು ವರ್ಷ ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು ಈ ಕಾರಣಕ್ಕೆ ತಿರಸ್ಕರಿಸುವಂತಿಲ್ಲ.

ಐದನೆಯದು: ಪರೀಕ್ಷೆಗಳು

ರಕ್ತ, ಯಕೃತ್ತು, ಮೂತ್ರಪಿಂಡ, ಥೈರಾಯಿಡ್, ಕಬ್ಬಿಣಾಂಶ, ಬಿ12, ಡಿ ವಿಟಮಿನ್, ಇಸಿಜಿ, ಎಕೋ, ಹೊಟ್ಟೆಯ ಸ್ಕ್ಯಾನ್, ಎಂಡೋಸ್ಕೋಪಿ. ಇವುಗಳಲ್ಲಿ ರಕ್ತಪರೀಕ್ಷೆಗಳನ್ನು ಮಡಿಕೇರಿ, ಕುಶಾಲನಗರ, ವಿರಾಜಪೇಟೆಯಲ್ಲೇ ಮಾಡಿಸಬಹುದೇ ಎಂದು ಕೇಳಿದರೆ ಒಂದೆರಡು ಪ್ರಯಾಣ ಉಳಿಯುತ್ತದೆ. ಬಿ12, ಡಿ ಕೊರತೆ ಇದ್ದರೆ ಈಗಲೇ ತುಂಬಿಸಿಕೊಳ್ಳಿ, ಆಪರೇಷನ್ ಆದ ಮೇಲೆ ದೇಹ ಅವನ್ನು ಹೀರಿಕೊಳ್ಳುವುದು ಇನ್ನೂ ಕಡಿಮೆ. ಎಂಡೋಸ್ಕೋಪಿಯಲ್ಲಿ ಜಠರದ ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಕಂಡರೆ ಅದಕ್ಕೆ ಮೊದಲು ಚಿಕಿತ್ಸೆ ಕೊಡುತ್ತಾರೆ.

ಮನೋವೈದ್ಯರ ಭೇಟಿ ಎಂದೊಡನೆ ಮುಖ ಸಣ್ಣದು ಮಾಡಿಕೊಳ್ಳುವವರಿದ್ದಾರೆ. ಅಲ್ಲಿ ಯಾರೂ ನಿಮ್ಮ ಬುದ್ಧಿ ಸರಿ ಇದೆಯೇ ಎಂದು ನೋಡುವುದಿಲ್ಲ. ಬೇಸರವಾದಾಗ ತಿನ್ನುತ್ತೀರಾ, ರಾತ್ರಿ ಎದ್ದು ತಿನ್ನುತ್ತೀರಾ, ಕುಡಿಯುವ ಅಭ್ಯಾಸ ಎಷ್ಟು, ಮನೆಯಲ್ಲಿ ಬೆಂಬಲ ಇದೆಯೇ ಎಂದು ಕೇಳುತ್ತಾರೆ. ಇದ್ದದ್ದು ಇದ್ದ ಹಾಗೆ ಹೇಳಿ, ನೆರವು ಸಿಗುವುದು ಆಗಲೇ.

ಆರನೆಯದು: ಅರ್ಜಿ ಹೋದ ಮೇಲೆ

ಆಸ್ಪತ್ರೆಯ ವಿಮಾ ವಿಭಾಗದವರು ಕ್ಯಾಶ್‌ಲೆಸ್ ಪೂರ್ವಾನುಮತಿಯ, ಅಂದರೆ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟಲು ಮುಂಚಿತ ಒಪ್ಪಿಗೆಯ, ಅರ್ಜಿ ಕಳಿಸುತ್ತಾರೆ. ಇಂಥ ಅರ್ಜಿಗೆ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕೆಂದು 2024ರ ಮೇ ತಿಂಗಳಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿದೆ. ಆದರೆ "ಹೆಚ್ಚಿನ ದಾಖಲೆ ಬೇಕು" ಎಂಬ ಪ್ರಶ್ನೆಯೂ ಒಂದು ಉತ್ತರವೇ. ಬೇರಿಯಾಟ್ರಿಕ್ ಅರ್ಜಿಗಳಿಗೆ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಳ್ಳಿ. ಹಾಗಾಗಿ ದಾಖಲಾಗುವ ಹಿಂದಿನ ದಿನ ಕಳಿಸುವ ಬದಲು ಮೂರ್ನಾಲ್ಕು ವಾರ ಮೊದಲೇ ಕಳಿಸಲು ಸಾಧ್ಯವೇ ಎಂದು ಆಸ್ಪತ್ರೆಯವರನ್ನು ಕೇಳಿ.

ಪ್ರಶ್ನೆ ಬಂದದ್ದು ನಿಮಗೆ ತಿಳಿಯುವುದೇ ಇಲ್ಲ, ಅದು ಆಸ್ಪತ್ರೆಯ ಇಮೇಲ್‌ನಲ್ಲಿ ಕುಳಿತಿರುತ್ತದೆ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ನೆಟ್‌ವರ್ಕ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಆದ್ದರಿಂದ ಅರ್ಜಿಯಲ್ಲಿ ನಿಮ್ಮ ಸಂಖ್ಯೆಯ ಜೊತೆಗೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಮಗನದೋ ತಮ್ಮನದೋ ಸಂಖ್ಯೆ ಕೊಡಿ. ವಾರಕ್ಕೆ ಎರಡು ಸಲ ವಿಮಾ ವಿಭಾಗಕ್ಕೆ ಫೋನ್ ಮಾಡಿ, ಯಾರು ಏನು ಹೇಳಿದರು ಎಂದು ದಿನಾಂಕದೊಂದಿಗೆ ಬರೆದಿಡಿ. ಜಗಳ ಬೇಡ. "ಸರ್, ಇನ್ನು ಯಾವ ಕಾಗದ ಬಾಕಿ ಇದೆ?" ಎಂಬ ಒಂದೇ ಪ್ರಶ್ನೆ ಸಾಕು.

ಅನುಮತಿ ಪತ್ರದಲ್ಲಿರುವ ಮೊತ್ತ ಮೊದಲ ಕಂತಿನದಿರಬಹುದು. ಕೊನೆಯ ಬಿಲ್ಲಿಗೆ ಮತ್ತೆ ಅನುಮತಿ ಬೇಕಾಗುತ್ತದೆ, ಆದ್ದರಿಂದ ಕೈಯಲ್ಲಿ ಸ್ವಲ್ಪ ಹಣ ಇಟ್ಟುಕೊಂಡೇ ಹೋಗಿ.

ತಿರಸ್ಕರಿಸಿದರೆ? ಕಾರಣವನ್ನು ಬರಹದಲ್ಲಿ ಪಡೆಯಿರಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಅದರಲ್ಲಿರಬೇಕು. ದಾಖಲೆ ಸಾಲದೆಂದು ತಿರಸ್ಕರಿಸಿದ್ದರೆ ದಾಖಲೆ ಸೇರಿಸಿ ಮತ್ತೆ ಕಳಿಸಬಹುದು. ಕಾರಣವೇ ತಪ್ಪು ಎನಿಸಿದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣದಲ್ಲಿ ಅಥವಾ 155255 ಸಂಖ್ಯೆಯಲ್ಲೂ ದೂರು ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದ ಕೇಳುತ್ತಾರೆ. ತಿರಸ್ಕಾರದ ಪತ್ರ ಕಂಡು ಕೈಚೆಲ್ಲಿ ಕುಳಿತವರನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದು ಕೊನೆಯ ಮಾತಲ್ಲ.

ಏಳನೆಯದು: ಕಾಯುವಾಗ ದೇಹಕ್ಕೆ ಅಭ್ಯಾಸ

ಆಪರೇಷನ್ ಆದ ಮೇಲೆ ಜಠರ ಚಿಕ್ಕದಾಗುತ್ತದೆ, ಆದರೆ ಕೈ ಮತ್ತು ಬಾಯಿಯ ರೂಢಿ ಹಳೆಯದೇ ಉಳಿಯುತ್ತದೆ. ಅದನ್ನು ಈಗಲೇ ಬದಲಿಸಬೇಕು. ತುತ್ತು ಚಿಕ್ಕದಾಗಲಿ, ನುಣ್ಣಗೆ ಅಗಿಯಿರಿ, ಊಟಕ್ಕೆ ಅರ್ಧ ಗಂಟೆ ಹಿಡಿಯಲಿ. ಊಟದ ಜೊತೆ ನೀರು ಕುಡಿಯುವುದನ್ನು ಬಿಡಿ, ಅರ್ಧ ಗಂಟೆ ಕಳೆದು ಕುಡಿಯಿರಿ. ಹೇಳಲು ಸುಲಭ, ಆದರೆ ರೂಢಿಗೆ ಬರಲು ವಾರಗಳೇ ಬೇಕು.

ನಮ್ಮ ತಟ್ಟೆಯಲ್ಲಿ ಅಕ್ಕಿಯೇ ಅಕ್ಕಿ: ಬೆಳಿಗ್ಗೆ ಒಟ್ಟಿ ಅಥವಾ ನೂಲ್‌ಪುಟ್ಟು, ಮಧ್ಯಾಹ್ನ ಅನ್ನ, ಹಬ್ಬಕ್ಕೆ ಕಡಂಬುಟ್ಟು. ಕರಿ ಬರುವುದು ಪುಟ್ಟಿಗೆ ನೆಂಚಿಕೊಳ್ಳಲು. ಇದನ್ನು ತಿರುಗಿಸಬೇಕು. ಮೊದಲು ಮೊಟ್ಟೆ, ಮೀನು, ಕೋಳಿ, ಬೇಳೆ, ಮೊಸರು, ಆಮೇಲೆ ತರಕಾರಿ, ಜಾಗ ಉಳಿದರೆ ಕೊನೆಗೆ ಅಕ್ಕಿ. ಆಪರೇಷನ್ ನಂತರ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ, ನೂರು ಗ್ರಾಂ ಬೇಯಿಸಿದ ಕೋಳಿಯಲ್ಲಿ ಸುಮಾರು 25. ಹುರುಳಿಯ ತಿಳಿಸಾರು ಕುಡಿದರೆ ಪ್ರೋಟೀನ್ ಸಿಕ್ಕಂತಲ್ಲ, ಕಾಳು ಹೊಟ್ಟೆಗೆ ಹೋಗಬೇಕು. ಹಂದಿಮಾಂಸ ಬಿಡಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಕೊಬ್ಬಿನ ಪದರವಿಲ್ಲದ ತುಂಡನ್ನು ಆರಿಸಿ, ಮೆತ್ತಗೆ ಬೇಯಿಸಿ, ಸ್ವಲ್ಪವೇ ತಿನ್ನಬಹುದು. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಮಾತ್ರ ಆಸೆ ಬೇಡ. ಕಣಿಲೆಯ ನಾರು, ಕಿತ್ತಳೆ ತೊಳೆಯ ಸಿಪ್ಪೆ ಕೂಡ ಚಿಕ್ಕ ಜಠರದಲ್ಲಿ ಗಂಟಾಗಿ ಸಿಕ್ಕಿಕೊಳ್ಳಬಹುದು, ಕಿತ್ತಳೆಯನ್ನು ತೊಳೆ ಬಿಡಿಸಿ ತಿರುಳು ಮಾತ್ರ ತಿನ್ನುವುದನ್ನು ಕಲಿತುಕೊಳ್ಳಿ.

ಬೆಲ್ಲದ ಕಾಫಿ ನಮ್ಮ ಪ್ರಾಣ. ಆದರೂ ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರು ಮೊದಲು ಬೆಲ್ಲ ಬಿಡಿ, ಆಮೇಲೆ ಲೋಟ ಕಡಿಮೆ ಮಾಡಿ. ಒಮ್ಮೆಗೇ ನಿಲ್ಲಿಸಿದರೆ ತಲೆನೋವು ಬರುತ್ತದೆ. ಆಪರೇಷನ್ ಆದ ಹೊಸತರಲ್ಲಿ ಬಹಳಷ್ಟು ಆಸ್ಪತ್ರೆಗಳಲ್ಲಿ ಕಾಫಿ ಬೇಡವೆನ್ನುತ್ತಾರೆ. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯುವ ರೂಢಿ ಈಗಲೇ ಆಗಲಿ.

ಬೀಡಿ, ಸಿಗರೇಟು, ಹೊಗೆಸೊಪ್ಪು ಕನಿಷ್ಠ ಆರು ವಾರ ಮೊದಲೇ ನಿಲ್ಲಬೇಕು, ಮತ್ತೆ ಶುರುವಾಗಬಾರದು. ಬೈಪಾಸ್ ಆದವರಲ್ಲಿ ಹೊಗೆ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತದೆ. ಮದ್ಯದ ವಿಷಯ ಇನ್ನೂ ನೇರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಮದುವೆ ಮನೆಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಆಪರೇಷನ್ ಆದ ದೇಹದಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಹೆಚ್ಚು ಏರುತ್ತದೆ, ಮತ್ತು ಚಟವಾಗುವ ಅಪಾಯ ಮೊದಲಿಗಿಂತ ಜಾಸ್ತಿ. ಒಂದು ಪೆಗ್ ಕುಡಿದು ಗಾಡಿ ಓಡಿಸುವುದನ್ನು ಯೋಚಿಸಲೂ ಬೇಡಿ. ನೆಂಟರು ಒತ್ತಾಯಿಸಿದಾಗ ಏನು ಹೇಳಬೇಕು ಎಂದು ಮನೆಯವರೊಂದಿಗೆ ಮಾತನಾಡಿ ಇಟ್ಟುಕೊಳ್ಳಿ.

ನಡಿಗೆ ದಿನಾ ಬೇಕು, ಆದರೆ ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆಯವರು ಮುಂಜಾವಿನಲ್ಲಿ ಒಬ್ಬರೇ ರಸ್ತೆಗೆ ಇಳಿಯಬಾರದು, ಆನೆಯ ಕಾಟ ಗೊತ್ತಿರುವುದೇ. ಬಿಸಿಲೇರಿದ ಮೇಲೆ ತೋಟದ ಕಣದಲ್ಲಿ ಸುತ್ತು ಹಾಕಬಹುದು. ಮಳೆಯಲ್ಲಿ ಜಗಲಿಯಲ್ಲೇ ಹತ್ತು ಹತ್ತು ನಿಮಿಷ. ಮಂಡಿ ನೋಯುವವರು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಮಾಡಿ. ಉಸಿರಾಟದ ವ್ಯಾಯಾಮದ ಮೂರು ಚೆಂಡಿನ ಉಪಕರಣ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ವೈದ್ಯರನ್ನು ಕೇಳಿ ಶುರುಮಾಡಿ. ಸ್ಲೀಪ್ ಆಪ್ನಿಯಾಗೆ ಸಿಪ್ಯಾಪ್ ಎಂಬ, ನಿದ್ದೆಯಲ್ಲಿ ಉಸಿರಿನ ದಾರಿ ತೆರೆದಿಡುವ ಯಂತ್ರ ಕೊಟ್ಟಿದ್ದರೆ ಪ್ರತಿ ರಾತ್ರಿಯೂ ಹಾಕಿಕೊಳ್ಳಿ, ಆಸ್ಪತ್ರೆಗೂ ತೆಗೆದುಕೊಂಡು ಹೋಗಿ.

"ಬಾಯಿ ಕಟ್ಟಿದರೆ ಸಾಕಿತ್ತು, ಹೊಟ್ಟೆ ಕುಯ್ಯಿಸಿಕೊಳ್ಳಬೇಕಾ ಕೂಸೇ?" ಎಂದು ಹಿರಿಯರು ಕೇಳಿಯೇ ಕೇಳುತ್ತಾರೆ. ಬೊಜ್ಜು ದೇಹದ ಹಸಿವಿನ ಹಾರ್ಮೋನುಗಳೇ ಏರುಪೇರಾಗುವ ದೀರ್ಘಕಾಲದ ಕಾಯಿಲೆ, ಆಲಸ್ಯದ ಶಿಕ್ಷೆಯಲ್ಲ ಎಂದು ಸಮಾಧಾನದಿಂದ ಹೇಳಿ. ಅಡುಗೆ ಮಾಡುವವರನ್ನು ಒಮ್ಮೆ ಆಹಾರತಜ್ಞರ ಬಳಿ ಕರೆದುಕೊಂಡು ಹೋಗಿ, ಅವರು ಅಲ್ಲಿ ಕೇಳಿದ ಮಾತನ್ನು ಮನೆಯಲ್ಲಿ ಬೇರೆ ಯಾರು ಹೇಳಿದರೂ ನಂಬುವುದಿಲ್ಲ. ಮದುವೆಯಾದ ಹೆಣ್ಣುಮಕ್ಕಳು ಗರ್ಭಧಾರಣೆಯನ್ನು 12ರಿಂದ 18 ತಿಂಗಳು ಮುಂದೂಡಬೇಕೆಂಬುದನ್ನೂ ಗಂಡನೊಡನೆ ಈಗಲೇ ಮಾತನಾಡಿಕೊಳ್ಳಲಿ.

ಎಂಟನೆಯದು: ಅನುಮತಿ ಬಂದ ಮೇಲಿನ ಎರಡು ವಾರ

ಬೊಜ್ಜಿದ್ದವರ ಯಕೃತ್ತು ಕೊಬ್ಬಿನಿಂದ ಊದಿ ಜಠರದ ಮೇಲೆ ಮಲಗಿರುತ್ತದೆ. ಅದನ್ನು ಕುಗ್ಗಿಸಲು ಸುಮಾರು ಎರಡು ವಾರ ದಿನಕ್ಕೆ 800ರಿಂದ 1000 ಕ್ಯಾಲರಿಯ, ಪಿಷ್ಟ ಕಡಿಮೆ, ಪ್ರೋಟೀನ್ ಹೆಚ್ಚಿರುವ ಆಹಾರ ಕೊಡುತ್ತಾರೆ. ಇದನ್ನು ಚಾಚೂ ತಪ್ಪದೆ ಪಾಲಿಸಿ. ದೊಡ್ಡ ಯಕೃತ್ತು ದಾರಿಗೆ ಅಡ್ಡವಾದರೆ ಆಪರೇಷನ್ ಕಷ್ಟವಾಗುತ್ತದೆ, ನಿಲ್ಲಿಸಬೇಕಾಗಿ ಬರುವುದೂ ಉಂಟು. ಈ ಅವಧಿ ಪುತ್ತರಿಗೋ ಮದುವೆಗೋ ಬೀಳದಂತೆ ದಿನಾಂಕ ನೋಡಿಕೊಳ್ಳಿ.

ಈ ಆಹಾರ ಶುರುಮಾಡುವ ಮೊದಲೇ ಮಧುಮೇಹದ ವೈದ್ಯರನ್ನು ಕಾಣಲೇಬೇಕು. ಊಟ ಇಳಿದು ಇನ್ಸುಲಿನ್ ಹಳೆಯ ಪ್ರಮಾಣದಲ್ಲೇ ಇದ್ದರೆ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳನ್ನು ಆಪರೇಷನ್‌ಗೆ ಕೆಲವು ದಿನ ಮೊದಲೇ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಏರಬಹುದು. ರಕ್ತ ತೆಳುಮಾಡುವ ಮಾತ್ರೆ, ಗರ್ಭನಿರೋಧಕ ಮಾತ್ರೆ, ತೂಕ ಇಳಿಸುವ ಸೆಮಾಗ್ಲುಟೈಡ್ ಅಥವಾ ಟಿರ್ಜೆಪಟೈಡ್ ಚುಚ್ಚುಮದ್ದು, ನಾಟಿ ಔಷಧಿ ಎಲ್ಲವನ್ನೂ ಅರಿವಳಿಕೆ ವೈದ್ಯರಿಗೆ ಹೇಳಿ. ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂ ಬೇಡಿ.

ಒಂಬತ್ತನೆಯದು: ಹೊರಡುವಾಗ, ಮರಳುವಾಗ

ಸಾಮಾನ್ಯವಾಗಿ ಎರಡು ಮೂರು ದಿನ ಆಸ್ಪತ್ರೆ. ಸಡಿಲ ಬಟ್ಟೆ, ಕಡತ, ಸಿಪ್ಯಾಪ್ ಇದ್ದರೆ ಆ ಯಂತ್ರ, ಜೊತೆಗೆ ಗಟ್ಟಿ ಮನಸ್ಸಿನ ಒಬ್ಬರು ಸಾಕು. ಮರಳುವಾಗ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಇಳಿದು ನಡೆಯಿರಿ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಆ ದಿನಗಳಲ್ಲಿ ಹೆಚ್ಚು. ಬಿಲ್‌ಗಳು, ಡಿಸ್ಚಾರ್ಜ್ ಸಾರಾಂಶ ಎಲ್ಲದರ ಪ್ರತಿ ಕೈಗೆ ಬಂದ ಮೇಲೆಯೇ ಹೊರಡಿ.

ಮನೆಯಲ್ಲಿ ಮೊದಲ ಕೆಲವು ದಿನ ತಿಳಿ ದ್ರವ, ಆಮೇಲೆ ಗಟ್ಟಿ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತನೆಯದು. ಆಸ್ಪತ್ರೆಯ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ವಿಟಮಿನ್, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಜೀವನಪೂರ್ತಿ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದನ್ನು ತಡೆಯಲು ಕೊಡುವ ಮಾತ್ರೆಯನ್ನೂ ಬಿಡಬೇಡಿ. ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ನಿಲ್ಲಬೇಕು, ವಿಶೇಷವಾಗಿ ಬೈಪಾಸ್ ಆದವರಿಗೆ.

ಎದೆಬಡಿತ ನಿಮಿಷಕ್ಕೆ 120 ದಾಟಿ ಹಾಗೇ ನಿಂತರೆ, ಜ್ವರ ಬಂದರೆ, ಹೊಟ್ಟೆನೋವು ಏರುತ್ತಲೇ ಇದ್ದರೆ, ಎಡಭುಜ ನೋಯುತ್ತಿದ್ದು ಉಸಿರು ಸಿಕ್ಕಿಕೊಂಡರೆ, ಒಂದೇ ಕಾಲು ಊದಿದರೆ, ನೀರೂ ನಿಲ್ಲದೆ ವಾಂತಿಯಾದರೆ ಬೆಳಗಾಗಲಿ ಎಂದು ಕಾಯಬೇಡಿ. ಆಪರೇಷನ್ ಮಾಡಿದ ತಂಡಕ್ಕೆ ಫೋನ್, ಜೊತೆಗೇ 108. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು ಯಾವ ದಿನ ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂಬುದು. ಆ ಎರಡು ವಿವರ, ಶಸ್ತ್ರವೈದ್ಯರ ಸಂಖ್ಯೆ, ನೀವು ನುಂಗುವ ಮಾತ್ರೆಗಳ ಹೆಸರು ಬರೆದ ಚೀಟಿಯೊಂದನ್ನು ಮೊಬೈಲ್ ಕವರ್‌ನ ಹಿಂದೆ ಇಟ್ಟುಕೊಳ್ಳಿ, ಇನ್ನೊಂದನ್ನು ಮನೆಯವರ ಕೈಗೆ ಕೊಡಿ.